ಬೀಜದಿಂದ ಹೈಡ್ರೇಂಜಿಯ: ಮೊಳೆಯುವುದು ದಿಟ, ಮಂಗಳೂರಿನಲ್ಲಿ ಅರಳುವುದೇ?

ಮಂಗಳೂರು: ಮಡಿಕೇರಿಯಲ್ಲೋ ಊಟಿಯಲ್ಲೋ ಮನೆಗಳ ಮುಂದೆ ಚೆಂಡಿನಷ್ಟು ದೊಡ್ಡದಾಗಿ, ನೀಲಿ, ಗುಲಾಬಿ, ನಸುನೇರಳೆ ಬಣ್ಣಗಳಲ್ಲಿ ಅರಳಿ ನಿಂತ ಹೈಡ್ರೇಂಜಿಯ ಹೂವನ್ನು ಕಂಡವರು ಅದನ್ನು ತಮ್ಮ ಅಂಗಳಕ್ಕೂ ತರಬಯಸುವುದು ಸಹಜ. ನಗರದ ನರ್ಸರಿಗಳಲ್ಲಿ ಹೂಬಿಟ್ಟ ಗಿಡವೇ ಕುಂಡದ ಸಹಿತ ಸಿಗುವುದುಂಟು. ಆದರೆ ಹಾಗೆ ತಂದವರ ಅನುಭವ ಬಹುಪಾಲು ಒಂದೇ ತೆರನಾದುದು. ಹೂವು ಕೆಲವು ವಾರ ಉಳಿಯುತ್ತದೆ, ಬಳಿಕ ಗಿಡ ಬರೀ ಎಲೆ ಹೊತ್ತು ನಿಲ್ಲುತ್ತದೆ, ಮರುವರ್ಷ ಕಾದರೂ ಮೊಗ್ಗು ಕಾಣಿಸುವುದಿಲ್ಲ. ಆಗ ಕಣ್ಣಿಗೆ ಬೀಳುವುದು ಅಂತರ್ಜಾಲದ ಮಾರಾಟ ತಾಣಗಳಲ್ಲಿ ದೊರೆಯುವ ಬೀಜದ ಪೊಟ್ಟಣ. ನಮ್ಮ ಮಣ್ಣಿನಲ್ಲೇ ಹುಟ್ಟಿದ ಗಿಡ ನಮ್ಮ ಹವೆಗೆ ಒಗ್ಗೀತು ಎಂಬ ಆಸೆಯಿಂದ ಬೀಜ ತರಿಸಿಕೊಳ್ಳುವವರು ಇದ್ದಾರೆ.

ಈ ಆಸೆಯಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಒಂದಾಗಿ ಬೆರೆತುಹೋಗಿವೆ. ಹೈಡ್ರೇಂಜಿಯದ ಬೀಜ ಕರಾವಳಿಯಲ್ಲಿ ಮೊಳೆಯುವುದೇ ಎಂಬುದು ಮೊದಲನೆಯದು. ಮೊಳೆತ ಗಿಡ ಹೂ ಬಿಡುವುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರ ಸಮುದ್ರಮಟ್ಟದಿಂದ ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಹೂವಿನೊಳಗಿನ ಹೂವು

ಹೈಡ್ರೇಂಜಿಯದ ಬೀಜವನ್ನು ಅರಿಯಬೇಕಾದರೆ ಮೊದಲು ಅದರ ಹೂವನ್ನು ಸರಿಯಾಗಿ ನೋಡಬೇಕು. ನಾವು ಹೂವಿನ ದಳವೆಂದು ಭಾವಿಸುವ ಅಗಲವಾದ ಬಣ್ಣದ ಎಸಳುಗಳು ವಾಸ್ತವದಲ್ಲಿ ದಳಗಳಲ್ಲ; ಅವು ಪುಷ್ಪಪತ್ರಗಳು. ಅಂದರೆ ಸಾಮಾನ್ಯ ಹೂವುಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿರುವ ಹಸಿರು ಭಾಗವೇ ಇಲ್ಲಿ ಹಿಗ್ಗಿ ಬಣ್ಣ ತಳೆದಿದೆ. ಕೀಟಗಳನ್ನು ಕರೆಯುವುದಷ್ಟೇ ಈ ಹೂಗಳ ಕೆಲಸ; ಬೀಜ ಕಟ್ಟುವ ಸಾಮರ್ಥ್ಯ ಅವುಗಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಬೀಜ ಕಟ್ಟುವ ನಿಜವಾದ ಹೂಗಳು ಸಾಸಿವೆ ಕಾಳಿಗಿಂತ ತುಸು ದೊಡ್ಡವಾಗಿ, ಬಣ್ಣದ ಎಸಳುಗಳ ಅಡಿಯಲ್ಲಿ ಅಡಗಿರುತ್ತವೆ.

ಅಂಗಡಿಯಲ್ಲಿ ಸಿಗುವ ದುಂಡು ಚೆಂಡಿನ ತಳಿಗಳಲ್ಲಿ ಇಂಥ ಫಲವಂತ ಹೂಗಳು ತೀರ ವಿರಳ. ಗೊಂಚಲು ಚಪ್ಪಟೆಯಾಗಿದ್ದು, ನಡುವೆ ಸಣ್ಣ ಹೂಗಳ ರಾಶಿಯೂ ಅಂಚಿನಲ್ಲಿ ಮಾತ್ರ ಬಣ್ಣದ ಎಸಳುಗಳ ಸಾಲೂ ಇರುವ ತಳಿಗಳಲ್ಲಿ ಬೀಜ ಹೇರಳ. ಆದುದರಿಂದ ಕೊಡಗಿನ ಬಂಧುಗಳ ತೋಟದಿಂದ ಬೀಜ ತರುವವರು ಈ ಚಪ್ಪಟೆ ಗೊಂಚಲಿನ ಗಿಡವನ್ನೇ ಹುಡುಕುವುದು ಒಳ್ಳೆಯದು.

ಹೂವು ಬಾಡಿದ ತಕ್ಷಣ ಬೀಜ ಬಲಿತಿರುವುದಿಲ್ಲ. ಗೊಂಚಲನ್ನು ಕೊಯ್ಯದೆ ಗಿಡದಲ್ಲೇ ಕೆಲವು ತಿಂಗಳು ಬಿಟ್ಟರೆ ಸಣ್ಣ ಹೂಗಳಿದ್ದಲ್ಲಿ ಪುಟ್ಟ ಮಡಕೆಯಾಕಾರದ ಕಾಯಿಗಳು ಕಂದುಬಣ್ಣಕ್ಕೆ ತಿರುಗಿ, ಅವುಗಳ ತುದಿಯಲ್ಲಿ ಸಣ್ಣ ಬಾಯಿ ತೆರೆದುಕೊಳ್ಳುತ್ತದೆ. ಗಿಡಕ್ಕೆ ಹೆಸರು ಬಂದಿರುವುದೂ ಈ ಕಾಯಿಯಿಂದಲೇ. ಗ್ರೀಕ್ ಭಾಷೆಯಲ್ಲಿ ನೀರು ಮತ್ತು ಪಾತ್ರೆ ಎಂಬ ಅರ್ಥದ ಎರಡು ಶಬ್ದಗಳು ಸೇರಿ ಹೈಡ್ರೇಂಜಿಯ ಆಗಿದೆ. ಬಹಳ ನೀರು ಕುಡಿಯುವ ಗಿಡವಾದ್ದರಿಂದ ಈ ಹೆಸರು ಎಂದು ಹೇಳುವವರುಂಟು. ನೀರು ಕುಡಿಯುವುದು ನಿಜ, ಹೆಸರಿನ ಕಾರಣ ಮಾತ್ರ ಅದಲ್ಲ.

ಬಲಿತ ಗೊಂಚಲನ್ನು ಬಿಳಿ ಕಾಗದದ ಮೇಲೆ ತಲೆಕೆಳಗು ಮಾಡಿ ತಟ್ಟಿದರೆ ಕಂದು ಧೂಳು ಉದುರುತ್ತದೆ. ಆ ಧೂಳೇ ಬೀಜ. ನಶ್ಯದ ಪುಡಿಯಷ್ಟು ನಯ. ಒಂದು ಚಿಟಿಕೆಯಲ್ಲಿ ನೂರಾರು ಬೀಜಗಳಿರುತ್ತವೆ.

ಪೊಟ್ಟಣದೊಳಗೆ ಇರುವುದೇನು?

ಈ ಗಾತ್ರವನ್ನು ನೆನಪಿಟ್ಟುಕೊಂಡರೆ ವಂಚನೆಯನ್ನು ಕಂಡುಹಿಡಿಯಲು ಬೇರೆ ಪರೀಕ್ಷೆ ಬೇಡ. ಹೈಡ್ರೇಂಜಿಯ ಎಂದು ಬರೆದ ಪೊಟ್ಟಣ ಒಡೆದಾಗ ರಾಗಿಯಷ್ಟೋ ಸಾಸಿವೆಯಷ್ಟೋ ಎಳ್ಳಿನಷ್ಟೋ ಗಾತ್ರದ ಕಾಳುಗಳು ಕಂಡರೆ ಅದು ಹೈಡ್ರೇಂಜಿಯ ಅಲ್ಲ. ಯಾವುದೋ ಸೊಪ್ಪಿನದೋ ಅಗ್ಗದ ಹೂವಿನದೋ ಬೀಜ ಅದು. ಒಂದೇ ಗೊಂಚಲಿನಲ್ಲಿ ಕಾಮನಬಿಲ್ಲಿನ ಏಳು ಬಣ್ಣ ತೋರಿಸುವ ಚಿತ್ರಗಳು, ಕಡುಕಪ್ಪು ಹೂವಿನ ಚಿತ್ರಗಳು ಗಣಕಯಂತ್ರದಲ್ಲಿ ಬಣ್ಣ ಬಳಿದವು.

ಇನ್ನು ಪೊಟ್ಟಣದಲ್ಲಿ ನಿಜವಾದ ಬೀಜವೇ ಇದೆ ಎಂದುಕೊಳ್ಳೋಣ. ಆಗಲೂ ಹೊದಿಕೆಯ ಮೇಲಿನ ಚಿತ್ರದಂಥ ಹೂವು ಬರುತ್ತದೆಂಬ ಭರವಸೆ ಯಾರೂ ಕೊಡಲಾರರು. ಮಾವಿನ ಗೊರಟು ನೆಟ್ಟರೆ ತಾಯಿಮರದ ರುಚಿಯೇ ಬರಬೇಕೆಂದಿಲ್ಲ ಎಂಬುದನ್ನು ನಮ್ಮ ಹಿತ್ತಿಲುಗಳು ಬಲ್ಲವು. ಹೈಡ್ರೇಂಜಿಯದ ವಿಷಯವೂ ಅದೇ. ಹೆಸರಾಂತ ತಳಿಗಳೆಲ್ಲ ಗೆಲ್ಲು ನೆಟ್ಟು ವೃದ್ಧಿಸಿದವು. ಅವುಗಳ ಬೀಜದಿಂದ ಹುಟ್ಟಿದ ಪ್ರತಿಯೊಂದು ಸಸಿಯೂ ಗೊಂಚಲಿನ ಆಕಾರ, ಎತ್ತರ, ಹೂ ಬಿಡುವ ಕಾಲ ಎಲ್ಲದರಲ್ಲೂ ಭಿನ್ನವಾಗಿರುತ್ತದೆ. ಹೊಸ ತಳಿ ಹುಟ್ಟಿಸುವವರು ಬೀಜವನ್ನು ಅವಲಂಬಿಸುವುದು ಈ ಕಾರಣಕ್ಕೇ. ಇಂಥದೇ ಹೂವು ಬೇಕೆನ್ನುವವರು ಬೀಜದಿಂದ ದೂರವಿರುವುದೂ ಇದೇ ಕಾರಣಕ್ಕೆ.

ಕಾನೂನಿನ ಮಾತೊಂದು ಇಲ್ಲಿ ಅವಶ್ಯ. ವಿದೇಶದಿಂದ ಬರುವ ಬೀಜ, ಗಿಡಗಳಿಗೆ 2003ರ ಸಸ್ಯ ಸಂಗರೋಧ ಆದೇಶ ಅನ್ವಯಿಸುತ್ತದೆ. ಆಮದು ಪರವಾನಿಗೆ, ರಫ್ತು ಮಾಡಿದ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇವುಗಳಿಲ್ಲದೆ ಅಂಚೆಯಲ್ಲಿ ಬೀಜ ತರಿಸುವಂತಿಲ್ಲ. ಪರವೂರಿನಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣಕ್ಕೂ ಈ ನಿಯಮದಿಂದ ವಿನಾಯಿತಿಯಿಲ್ಲ. 2020ರಲ್ಲಿ ಅಮೆರಿಕ ಸೇರಿದಂತೆ ಹಲವು ದೇಶಗಳ ಮನೆಗಳಿಗೆ ಕೇಳದೆಯೇ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ ಕೇಂದ್ರ ಕೃಷಿ ಸಚಿವಾಲಯ ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಎಚ್ಚರಿಕೆ ನೀಡಿತ್ತು. ಬೀಜದೊಡನೆ ಬರುವ ಶಿಲೀಂಧ್ರವೋ ಕಳೆಯೋ ಒಂದು ಕುಂಡಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಅಡಿಕೆ, ತೆಂಗು, ಕಾಳುಮೆಣಸು ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಲಘುವಾಗಿ ಕಾಣುವುದು ಸಲ್ಲದು.

ಅಂತರ್ಜಾಲದಲ್ಲಿ ಕೊಂಡು ಮೋಸಹೋದವರು ಸುಮ್ಮನಿರಬೇಕಾಗಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣವು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸಣ್ಣ ಮೊತ್ತವೆಂದು ಬಹುಮಂದಿ ದೂರು ನೀಡುವುದಿಲ್ಲ. ಇಂಥ ಮಾರಾಟ ನಡೆದುಕೊಂಡು ಬಂದಿರುವುದು ಆ ಸಂಕೋಚದ ಬಲದಿಂದಲೇ.

ಬಿತ್ತುವ ಬಗೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಡಿಕೆಗೆ ಕೊಳೆರೋಗ ತಗಲುವ ಈ ದಿನಗಳಲ್ಲಿ ಧೂಳಿನಂಥ ಬೀಜದಿಂದ ಹುಟ್ಟಿದ ಸಸಿಯ ಬುಡವೂ ಕೊಳೆಯುತ್ತದೆ. ಆದ್ದರಿಂದ ಬಿತ್ತನೆಗೆ ಅಕ್ಟೋಬರ್ ಅಂತ್ಯ ಅಥವಾ ನವೆಂಬರ್ ಸೂಕ್ತ.

ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಮರಳಿನ ಮಿಶ್ರಣ ಉತ್ತಮ. ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುವುದರಿಂದ ಎರಡು ಮೂರು ಬಾರಿ ನೀರಿನಲ್ಲಿ ತೊಳೆದೇ ಬಳಸಬೇಕು. ಅಗಲವಾದ, ಆಳ ಕಡಿಮೆಯಿರುವ ತಟ್ಟೆಯಲ್ಲಿ ಮಿಶ್ರಣವನ್ನು ಹರಡಿ, ತೇವ ಮಾಡಿ, ಮೇಲ್ಭಾಗವನ್ನು ಮಟ್ಟಸ ಮಾಡಿದ ಮೇಲೆ ಬೀಜವನ್ನು ಒಂದು ಚಮಚ ಒಣ ಮರಳಿನೊಡನೆ ಬೆರೆಸಿ ಉದುರಿಸಬೇಕು. ಹೀಗೆ ಮಾಡದಿದ್ದರೆ ಎಲ್ಲ ಬೀಜವೂ ಒಂದೇ ಕಡೆ ಬಿದ್ದು ಸಸಿಗಳು ಒತ್ತೊತ್ತಾಗಿ ಸಾಯುತ್ತವೆ. ಬೀಜದ ಮೇಲೆ ಮಣ್ಣು ಮುಚ್ಚಲೇಬಾರದು; ಮೊಳೆಯಲು ಅದಕ್ಕೆ ಬೆಳಕು ಬೇಕು. ಬೆಂಡೆ, ಅಲಸಂಡೆ ಬಿತ್ತಿ ರೂಢಿಯಾದ ಕೈ ಇಲ್ಲಿ ತಪ್ಪುವುದು ಸುಲಭ.

ನೀರನ್ನು ಮೇಲಿನಿಂದ ಹೊಯ್ದರೆ ಬೀಜ ಕೊಚ್ಚಿಹೋಗುತ್ತದೆ. ತಟ್ಟೆಯ ಅಡಿಯಲ್ಲಿ ತೂತುಗಳಿದ್ದು, ಅದನ್ನು ನೀರು ತುಂಬಿದ ಇನ್ನೊಂದು ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟರೆ ಮಿಶ್ರಣ ತಳದಿಂದಲೇ ನೀರು ಹೀರಿಕೊಳ್ಳುತ್ತದೆ. ಮೇಲೆ ಗಾಜಿನ ಹಲಗೆಯನ್ನೋ ಪಾರದರ್ಶಕ ಪ್ಲಾಸ್ಟಿಕನ್ನೋ ಮುಚ್ಚಿ, ನೇರ ಬಿಸಿಲು ಬೀಳದ, ಬೆಳಕಿರುವ ಜಗಲಿಯಲ್ಲಿಡಬೇಕು. ಬೀಜ ಮೊಳೆಯಲು 20ರಿಂದ 24 ಡಿಗ್ರಿ ಸೆಲ್ಸಿಯಸ್ ಅನುಕೂಲಕರ. ನವೆಂಬರ್‌ನಿಂದ ಜನವರಿಯವರೆಗೆ ನಮ್ಮ ರಾತ್ರಿಗಳು ಹೆಚ್ಚುಕಡಿಮೆ ಇದೇ ಮಟ್ಟದಲ್ಲಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಹಸಿರು ಚುಕ್ಕಿಗಳು ಕಾಣಿಸಿಕೊಳ್ಳುತ್ತವೆ. ಬೀಜದಲ್ಲಿ ಆಹಾರದ ಸಂಗ್ರಹ ಇಲ್ಲವೆನ್ನುವಷ್ಟು ಅಲ್ಪವಾದ್ದರಿಂದ ಮೊದಲ ತಿಂಗಳಲ್ಲಿ ಒಂದು ದಿನ ಮಿಶ್ರಣ ಒಣಗಿದರೂ ಸಸಿ ಉಳಿಯದು. ಎರಡು ಜೊತೆ ನಿಜ ಎಲೆಗಳು ಮೂಡಿದ ಬಳಿಕ ಒಂದೊಂದನ್ನಾಗಿ ಎತ್ತಿ ಸಣ್ಣ ಕುಂಡಗಳಿಗೆ ವರ್ಗಾಯಿಸಬಹುದು.

ನಿಜವಾದ ಪರೀಕ್ಷೆ ಎದುರಾಗುವುದು ಮಾರ್ಚ್‌ನಲ್ಲಿ. ಸೆಕೆ ಏರಿದಂತೆ ತೆಳುವಾದ ಅಗಲ ಎಲೆಗಳು ಮಧ್ಯಾಹ್ನಕ್ಕೆ ಜೋತುಬೀಳುತ್ತವೆ. ಬೆಳಗಿನ ಬಿಸಿಲು ಮಾತ್ರ ತಾಗುವ ಪೂರ್ವದ ಬದಿ, ಬುಡಕ್ಕೆ ಒಣ ಎಲೆಗಳ ಹೊದಿಕೆ, ಬೆಳಿಗ್ಗೆ ಸಂಜೆ ನೀರು ಇಷ್ಟಿದ್ದರೆ ಗಿಡ ಬೇಸಗೆ ದಾಟುತ್ತದೆ. ಎಲೆ ಮೊಗ್ಗುಗಳಲ್ಲಿ ವಿಷದ ಅಂಶ ಇರುವುದರಿಂದ ದನ, ಆಡು, ನಾಯಿಗಳಿಗೆ ಎಟುಕದಂತೆ ಇಡುವುದು ಕ್ಷೇಮ.

ಚಳಿಯ ಲೆಕ್ಕ

ಇಷ್ಟೆಲ್ಲ ಮಾಡಿ ಎರಡು ಮೂರು ವರ್ಷ ಸಲಹಿದ ಗಿಡ ಮೊಣಕಾಲೆತ್ತರ ಬೆಳೆದು ನಿಂತಿದೆ. ಬೀಜದಿಂದ ಬಂದ ಗಿಡ ತಂಪಿನ ಊರಿನಲ್ಲಾದರೆ ಹೂ ಬಿಡುವ ವಯಸ್ಸು ಇದು. ಇಲ್ಲಿ ಅದು ಹೂ ಬಿಡುವುದಿಲ್ಲ. ಗೊಬ್ಬರದ ಕೊರತೆಯೆಂದು ಸೆಗಣಿ ಹಾಕುತ್ತಾರೆ, ಬಿಸಿಲು ಸಾಲದೆಂದು ಜಾಗ ಬದಲಿಸುತ್ತಾರೆ, ಕೊನೆಗೆ ಕೈಗುಣವನ್ನು ಹಳಿಯುತ್ತಾರೆ. ಇವು ಯಾವುವೂ ಕಾರಣವಲ್ಲ.

ದೊಡ್ಡೆಲೆಯ ಈ ಹೈಡ್ರೇಂಜಿಯ ಮೂಲತಃ ಜಪಾನಿನದು. 1789ರಲ್ಲಿ ಜೋಸೆಫ್ ಬ್ಯಾಂಕ್ಸ್ ಅವರ ಮೂಲಕ ಲಂಡನ್ನಿನ ಕ್ಯೂ ಸಸ್ಯೋದ್ಯಾನ ಸೇರಿ ಅಲ್ಲಿಂದ ಯುರೋಪಿನ ತೋಟಗಳಿಗೆ ಹಬ್ಬಿತು. ಬೇಸಗೆ ಮುಗಿದು ಚಳಿ ಇಳಿಯುವ ಹೊತ್ತಿಗೆ ಮುಂದಿನ ವರ್ಷದ ಹೂಮೊಗ್ಗನ್ನು ಗೆಲ್ಲಿನ ತುದಿಯೊಳಗೆ ರೂಪಿಸಿಟ್ಟುಕೊಳ್ಳುವುದು ಇದರ ಸ್ವಭಾವ. ಅದಕ್ಕೆ ಸೂಚನೆ ಕೊಡುವುದು ತಂಪು. ರಾತ್ರಿಯ ತಾಪಮಾನ ಸುಮಾರು 18 ಡಿಗ್ರಿಗಿಂತ ಕೆಳಗಿರುವ ಆರರಿಂದ ಎಂಟು ವಾರಗಳು ಸಿಕ್ಕರೆ ತುದಿಯ ಎಲೆಮೊಗ್ಗು ಹೂಮೊಗ್ಗಾಗಿ ಪರಿವರ್ತನೆ ಹೊಂದುತ್ತದೆ. ವಾಣಿಜ್ಯ ನರ್ಸರಿಗಳು ಅಷ್ಟಕ್ಕೇ ತೃಪ್ತವಾಗದೆ ಎಲೆ ಉದುರಿಸಿದ ಗಿಡಗಳನ್ನು 4ರಿಂದ 7 ಡಿಗ್ರಿಯ ಶೀತಲ ಕೋಣೆಗಳಲ್ಲಿ ಇನ್ನೂ ಆರು ವಾರ ಇಟ್ಟು ಎಚ್ಚರಿಸುತ್ತವೆ.

ಮಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನ 20 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಒಂದೆರಡು ರಾತ್ರಿ ಕೆಳಗಿಳಿದರೂ ಸತತ ಆರು ವಾರವಂತೂ ಇಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, 1,100 ಮೀಟರ್‌ಗೂ ಮೇಲಿರುವ ಮಡಿಕೇರಿಯಲ್ಲಿ, 2,200 ಮೀಟರ್ ದಾಟಿದ ಊಟಿಯಲ್ಲಿ ಈ ಲೆಕ್ಕ ಕ್ರಮವಾಗಿ ಸುಲಭವಾಗುತ್ತ ಹೋಗುತ್ತದೆ. ನಮ್ಮ ನರ್ಸರಿಗೆ ಹೂಬಿಟ್ಟು ಬರುವ ಗಿಡದ ಗುಟ್ಟೂ ಇದರಲ್ಲೇ ಇದೆ. ಅದರ ಮೊಗ್ಗು ತಂಪಿನ ಊರಿನಲ್ಲೇ ಮೂಡಿರುತ್ತದೆ. ಇಲ್ಲಿ ಅದು ಅರಳಿದ್ದಷ್ಟೇ. ಎರಡನೆಯ ಮೊಗ್ಗಿಗೆ ಬೇಕಾದ ಚಳಿಯನ್ನು ನರ್ಸರಿಯವರು ಕುಂಡದ ಜೊತೆ ಕಟ್ಟಿಕೊಡಲಾರರು. ಫ್ರಿಜ್ಜಿನಲ್ಲಿಡಬಹುದೇ ಎಂದು ಕೇಳುವವರಿಗೆ ಹೇಳಬಹುದಾದ್ದು, ತಿಂಗಳುಗಟ್ಟಲೆ ಮೀನು, ಹಾಲು, ತರಕಾರಿಗಳನ್ನು ಹೊರಗಿಡಲು ಮನೆಯವರ ಒಪ್ಪಿಗೆ ಮೊದಲು ಪಡೆಯಬೇಕು ಎಂಬುದಷ್ಟೇ.

ಹಳೆಯ ಗೆಲ್ಲಿನಲ್ಲೂ ಹೊಸ ಚಿಗುರಿನಲ್ಲೂ ಹೂ ಬಿಡುವ ತಳಿಗಳು 2004ರಿಂದೀಚೆಗೆ ಅಮೆರಿಕದ ಮಾರುಕಟ್ಟೆಯಲ್ಲಿವೆ. ಅತಿಚಳಿಗೆ ಗೆಲ್ಲು ಸಾಯುವ ಊರುಗಳಿಗಾಗಿ ಪ್ರಚಾರಕ್ಕೆ ಬಂದ ತಳಿಗಳು ಇವು. ಸೆಕೆಯ ಊರಿನ ಸಮಸ್ಯೆಗೆ ಪರಿಹಾರವೆಂದು ಇವನ್ನು ಹೊಗಳಿ ಮಾರುವುದನ್ನು ನಂಬಬೇಕಾಗಿಲ್ಲ.

ಘಟ್ಟದ ಮೇಲಿನ ಓದುಗರಿಗೆ, ಅಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ, ಈ ತೊಡಕಿಲ್ಲ. ಅವರೂ ಬೀಜಕ್ಕಿಂತ ಗೆಲ್ಲನ್ನೇ ಆರಿಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲಿ ಹೂವಿಲ್ಲದ ಗೆಲ್ಲಿನಿಂದ ಗೇಣುದ್ದದ ತುಂಡು ತೆಗೆದು, ಕೆಳಗಿನ ಎಲೆ ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಮರಳಿನಲ್ಲಿ ನೆಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ತಾಯಿಗಿಡದ ಗುಣವೇ ಬರುತ್ತದೆ, ಕಾಯುವ ವರ್ಷಗಳೂ ಉಳಿಯುತ್ತವೆ. ಚಳಿಗಾಲದ ಹೊತ್ತಿಗೆ ಗಿಡವನ್ನು ಅಂದಗಾಣಿಸಲೆಂದು ತುದಿಗಳನ್ನು ಸವರಿದರೆ ಮಾತ್ರ ಮುಂದಿನ ವರ್ಷದ ಹೂವನ್ನೇ ಸವರಿದಂತಾಗುತ್ತದೆ.

ಮುರಕಲ್ಲಿನ ನಾಡಿನಲ್ಲಿ ನೀಲಿ

ವಿಪರ್ಯಾಸವೆಂದರೆ, ಹೈಡ್ರೇಂಜಿಯದ ನೀಲಿ ಬಣ್ಣಕ್ಕೆ ಬೇಕಾದ ಮಣ್ಣು ಕರಾವಳಿಯಲ್ಲಿ ಧಾರಾಳವಾಗಿದೆ. ನೀಲಿ ಹೂವಿನಲ್ಲೂ ಗುಲಾಬಿ ಹೂವಿನಲ್ಲೂ ಇರುವ ವರ್ಣದ್ರವ್ಯ ಒಂದೇ. ಮಣ್ಣಿನಿಂದ ಹೀರಿಕೊಂಡ ಅಲ್ಯೂಮಿನಿಯಂ ಅದರೊಡನೆ ಕೂಡಿದರೆ ನೀಲಿ, ಕೂಡದಿದ್ದರೆ ಗುಲಾಬಿ. ಮಣ್ಣು ಆಮ್ಲೀಯವಾಗಿದ್ದರೆ, ಅಂದರೆ ರಸಸಾರ 5.5ಕ್ಕಿಂತ ಕೆಳಗಿದ್ದರೆ, ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. 6.5 ದಾಟಿದರೆ ಅದು ಮಣ್ಣಿನಲ್ಲೇ ಬಂಧಿ. ಬಿಳಿ ಹೂವಿನ ತಳಿಗಳಲ್ಲಿ ಈ ಆಟ ನಡೆಯದು.

ನಮ್ಮ ಮುರಕಲ್ಲಿನ ಮಣ್ಣಿನಿಂದ ಸಾವಿರಾರು ವರ್ಷಗಳ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದೆ. 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. ಅದಕ್ಕೆ ಪ್ರೇರಣೆಯಾದದ್ದು ಮಲಬಾರಿನ ಅಂಗಾಡಿಪುರಂ. ಇದೇ ಮಣ್ಣಿನಲ್ಲಿ ಬೆಳೆದ ಹೈಡ್ರೇಂಜಿಯಕ್ಕೆ ಹೂ ಬಿಡಲು ಸಾಧ್ಯವಿದ್ದಿದ್ದರೆ ಪಟಿಕದ ನೀರು ಹೊಯ್ಯದೆಯೇ ನೀಲಿಯಾಗುತ್ತಿತ್ತು. ತಂಪಿನ ಊರಿನಲ್ಲಿರುವವರು ಗಮನಿಸಬೇಕಾದ ಸಂಗತಿಗಳು ಎರಡು. ಸಿಮೆಂಟಿನ ಕುಂಡ ಮತ್ತು ಗಾರೆಯಿಂದ ಸುಣ್ಣ ಬಿಡುಗಡೆಯಾಗಿ ನೀಲಿ ಹೂವು ವರ್ಷ ಕಳೆದಂತೆ ಗುಲಾಬಿಯತ್ತ ತಿರುಗಬಹುದು. ಎಲುಬಿನ ಪುಡಿಯಂಥ ರಂಜಕ ಹೆಚ್ಚಿರುವ ಗೊಬ್ಬರ ಕೂಡ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಬಣ್ಣ ನಿರ್ಧಾರವಾಗುವುದು ಮೊಗ್ಗು ಬೆಳೆಯುವಾಗ. ಅರಳಿದ ಹೂವಿಗೆ ಏನು ಹೊಯ್ದರೂ ಪ್ರಯೋಜನವಿಲ್ಲ.

ನಮ್ಮ ಅಂಗಳದ ಬೀಜ

ಬೀಜದಿಂದಲೇ ಹೂವಿನ ಗಿಡ ಎಬ್ಬಿಸುವ ಸಂತೋಷ ಬೇಕೆನ್ನುವ ಮಂಗಳೂರಿಗರಿಗೆ ಹೈಡ್ರೇಂಜಿಯಕ್ಕಿಂತ ಒಳ್ಳೆಯ ಆಯ್ಕೆ ಹಿತ್ತಿಲಲ್ಲೇ ಇದೆ. ಗೊಂಚಲು ಹೂವಿನ ಆಸೆಗೆ ಕೇಪುಳವಿದೆ. ಪುಷ್ಪಪತ್ರ ಹಿಗ್ಗಿ ಬಣ್ಣ ತಳೆಯುವ ಹೈಡ್ರೇಂಜಿಯದ ಅದೇ ಚಮತ್ಕಾರವನ್ನು ನೋಡಬೇಕೆನ್ನುವವರಿಗೆ ಮುಸ್ಸೆಂಡವಿದೆ. ಘಟ್ಟದ ತಪ್ಪಲಿನ ಕಾಡುಜಾತಿಯಲ್ಲಿ ಪ್ರತಿ ಗೊಂಚಲಿನ ಕೆಲವು ಹೂಗಳ ಒಂದೊಂದು ಪುಷ್ಪಪತ್ರ ಮಾತ್ರ ಎಲೆಯಷ್ಟು ದೊಡ್ಡದಾಗಿ ಬೆಳ್ಳಗೆ ಹೊಳೆಯುತ್ತದೆ. ಮಲ್ಲಿಗೆಯ ಮಾತು ಬೇರೆ. ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆಯೂ ಗೆಲ್ಲಿನಿಂದ ಬೆಳೆಯುವ ಗಿಡವೇ.

ಬೀಜಕ್ಕೆ ಹೇಳಿಮಾಡಿಸಿದ್ದು ಅಬ್ಬಲಿಗೆ, ಘಟ್ಟದ ಮೇಲಿನವರ ಕನಕಾಂಬರ. ದಕ್ಷಿಣ ಭಾರತ ಮತ್ತು ಶ್ರೀಲಂಕಾವೇ ಇದರ ತವರು. ಇದಕ್ಕೆ ಚಳಿಯ ಹಂಗಿಲ್ಲ. ಮುಡಿಯಲು, ದೇವರಿಗೆ ಏರಿಸಲು, ಶ್ರಾವಣದಲ್ಲಿ ಕೊಂಕಣಿ ಮನೆಗಳ ಚೂಡಿ ಕಟ್ಟಲು ಬೇಕಾಗುವ ಈ ಹೂವಿಗೆ ಹಬ್ಬದ ದಿನಗಳಲ್ಲಿ ಮಾರುಕಟ್ಟೆಯಲ್ಲಿ ಏರುವ ದರವನ್ನು ಬಲ್ಲವರು ಅಂಗಳದ ನಾಲ್ಕು ಗಿಡಗಳ ಬೆಲೆಯನ್ನೂ ಬಲ್ಲರು.

ಇದರ ಬೀಜ ಸಂಗ್ರಹಿಸುವಾಗ ಒಂದು ಜಾಗ್ರತೆ ಬೇಕು. ಒಣಗಿದ ತೆನೆಯಲ್ಲಿರುವ ಕಾಯಿಗೆ ನೀರು ತಾಗಿದ ಕ್ಷಣ ಅದು ಚಟಕ್ಕನೆ ಸಿಡಿದು, ಒಳಗಿನ ನಾಲ್ಕರಷ್ಟು ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಮಳೆ ಬರುವ ಮುನ್ನ ಕಂದುಬಣ್ಣಕ್ಕೆ ತಿರುಗಿದ ತೆನೆಗಳನ್ನು ಕೊಯ್ದು, ಪಾತ್ರೆಯಲ್ಲಿ ಹಾಕಿ, ನೀರು ಚಿಮುಕಿಸಿ ಕೂಡಲೇ ಮುಚ್ಚಳ ಮುಚ್ಚಿದರೆ ಬೀಜವೆಲ್ಲ ಪಾತ್ರೆಯೊಳಗೇ ಉದುರುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾಡಬೇಕಾದ ಕೆಲಸವಿದು. ತಾಜಾ ಬೀಜವನ್ನು ಬಿತ್ತಿದರೆ ಎರಡು ಮೂರು ವಾರಗಳಲ್ಲಿ ಮೊಳೆತು, ಸುಮಾರು ಆರು ತಿಂಗಳಲ್ಲಿ ಹೂ ಕಾಣಿಸುತ್ತದೆ. ನೀರು ನಿಲ್ಲದ ಏರುಮಡಿ ಇರಬೇಕು. ಬೇರುಗಂಟು ಹುಳು ಮತ್ತು ಸೊರಗು ರೋಗ ಇದರ ದೊಡ್ಡ ಶತ್ರುಗಳಾದ್ದರಿಂದ ನೆಡುವ ಗುಂಡಿಗೆ ಬೇವಿನ ಹಿಂಡಿ ಸೇರಿಸುವುದು ಒಳಿತು. ಕೊಳ್ಳುವಾಗ ತಳಿಯ ಹೆಸರು ಕೇಳಿಕೊಳ್ಳಬೇಕು. ದೆಲ್ಲಿ ಕನಕಾಂಬರ ಎಂದು ಪ್ರಸಿದ್ಧವಾದ ದೊಡ್ಡ ಹೂವಿನ ತಳಿಯ ಜೀವಕೋಶಗಳಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಜೊತೆಯಾಗಿ ಇರುವುದರಿಂದ ಅದು ಬೀಜ ಕಟ್ಟುವುದೇ ಇಲ್ಲ. ಅದರ ಬೀಜವೆಂದು ಯಾರಾದರೂ ಪೊಟ್ಟಣ ಮಾರಿದರೆ ಹಣ ಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕು.